ಟ್ರೈನಿಂಗಿಗೆ ಹೊರಟ ಮಗ, ಮನೆಯಲ್ಲಿ ಉಳಿಯುವ ಅಪ್ಪ ಅವ್ವ

ಸೇನೆಗೆ ಅಗ್ನಿವೀರನಾಗಿ ಆಯ್ಕೆಯಾದ ಹುಡುಗನಿಗೆ 18 ತುಂಬಿರದಿದ್ದರೆ ಸೇರ್ಪಡೆಯ ನಮೂನೆಗೆ ಅವನೊಬ್ಬನ ಸಹಿ ಸಾಲದು. ತಂದೆಯೋ ತಾಯಿಯೋ ಪೋಷಕರೋ ಸಹಿ ಹಾಕಬೇಕು. ಹದಿನೇಳೂವರೆ ವರ್ಷಕ್ಕೇ ಸೇರಲು ಅವಕಾಶವಿರುವುದರಿಂದ ಎಷ್ಟೋ ಮನೆಗಳಲ್ಲಿ ಈ ಪ್ರಸಂಗ ಬಂದೇ ಬರುತ್ತದೆ. ಪರೀಕ್ಷೆ ಬರೆದವನು ಅವನು, 1.6 ಕಿಲೋಮೀಟರ್ ಓಡಿದವನು ಅವನು, ಬೀಮ್ ಹಿಡಿದು ಜೋತಾಡಿ ಹತ್ತು ಸಲ ಗದ್ದ ಮೇಲೆತ್ತಿದವನೂ ಅವನೇ. ಆದರೂ ಕಡೆಗೆ ಪೆನ್ನು ಬರುವುದು ಅಪ್ಪನ ಕೈಗೆ. ಆಗ ಕೈ ಒಂದು ಗಳಿಗೆ ತಡೆದರೆ ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ನಾಲ್ಕು ವರ್ಷ ನನ್ನ ಮಗ ಎಲ್ಲಿರುತ್ತಾನೆ, ಏನು ತಿನ್ನುತ್ತಾನೆ, ಯಾರ ಮಾತು ಕೇಳುತ್ತಾನೆ ಎಂಬುದು ಇನ್ನು ಮುಂದೆ ನನ್ನ ಕೈಯಲ್ಲಿ ಇಲ್ಲ ಎಂದು ಒಪ್ಪಿ ಹಾಕುವ ಸಹಿ ಅದು. ತಡೆಯದಿದ್ದರೆ ಆಶ್ಚರ್ಯ.

ದಾವಣಗೆರೆ ಜಿಲ್ಲೆಯ ಬಸವಾಪಟ್ಟಣದ ಸುತ್ತಮುತ್ತ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ, ಅತ್ತ ಜಗಳೂರಿನ ಬೆದ್ದಲು ಸೀಮೆಯಲ್ಲೂ ನಸುಕಿನಲ್ಲಿ ರಸ್ತೆ ಬದಿ ಓಡುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ಪಿಯುಸಿ ಮುಗಿಸಿದವರು, ಡಿಗ್ರಿ ಅರ್ಧಕ್ಕೆ ಬಿಟ್ಟವರು, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೂ ಮಿಲಿಟ್ರಿಗೂ ಒಟ್ಟಿಗೇ ತಯಾರಿ ನಡೆಸಿದವರು. ಬಸವಾಪಟ್ಟಣಕ್ಕೆ ದಂಡು ದಾಳಿ ಹೊಸದೇನಲ್ಲ. ತರೀಕೆರೆ ಪಾಳೆಯಗಾರರ ಮನೆತನ ಮೊದಲು ನೆಲೆ ನಿಂತದ್ದು ಬಸವಾಪಟ್ಟಣದಲ್ಲಿ. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದದ್ದೂ ಇಲ್ಲಿಗೇ. ಆ ಕಾಲದಲ್ಲಿ ಕೋಟೆ ಕಾಯಲು ಹೋದ ಹುಡುಗರ ಅವ್ವಂದಿರು ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ, ಬರೆದಿಟ್ಟವರಿಲ್ಲ. ಈಗಿನ ಅವ್ವಂದಿರ ಕೈಗೆ ಸೇನಾ ಭರ್ತಿ ರ‍್ಯಾಲಿಯ ತಾರೀಕು, ಎತ್ತರ, ತೂಕ, ಅಂಕಗಳ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಮಗ ಬಸ್ ಹತ್ತಿದ ಮೇಲೆ ಮನೆಯಲ್ಲಿ ಹೇಗಿರಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಜಾಯಿನಿಂಗ್ ಪತ್ರ ಬಂದ ದಿನದಿಂದ ಪ್ರಮಾಣ ಸ್ವೀಕರಿಸುವ ಕಸಮ್ ಪರೇಡಿನ ತನಕ ಹೆತ್ತವರ ಪಾಲಿಗೆ ಬರುವ ಕೆಲಸಗಳ ಬಗ್ಗೆ ಈ ಬರಹ.

ಪತ್ರ ಬಂದ ಮೇಲೆ ಮನೆಯಲ್ಲಿ ಜಗಳ ಯಾಕೆ?

ಮೊದಲ ಎರಡು ದಿನ ಸಂಭ್ರಮ. ಪೇಡಾ ಹಂಚುತ್ತಾರೆ, ಸ್ಟೇಟಸ್ ಹಾಕುತ್ತಾರೆ, ಮಾತು ಬಿಟ್ಟಿದ್ದ ದಾಯಾದಿಗಳೂ ಬಂದು ಬೆನ್ನು ತಟ್ಟುತ್ತಾರೆ. ಮೂರನೆಯ ದಿನದಿಂದ ಮನೆಯೊಳಗೆ ಏನೋ ಕೆಡುತ್ತದೆ. ಅವ್ವ ಸುಮ್ಮಸುಮ್ಮನೆ ಸಿಡುಕುತ್ತಾಳೆ. ಮಗ ಮನೆಯಲ್ಲಿ ನಿಲ್ಲುವುದಿಲ್ಲ, ಗೆಳೆಯರ ಜೊತೆ ಸೂಳೆಕೆರೆ ಏರಿಗೆ ಹೋದವನು ರಾತ್ರಿ ಹತ್ತಾದರೂ ಬರುವುದಿಲ್ಲ. 'ಇರೋದೇ ನಾಲ್ಕು ದಿನ, ಅದರಾಗೂ ಮನಿಯಾಗೆ ಇರಲ್ಲ' ಎಂದು ಅವ್ವ ಅಂದರೆ, 'ಹೋದ್ಮೇಲೆ ಆರಾಮಾಗಿರು ಬಿಡು' ಎಂದು ಅವನು ತಿರುಗಿ ಅನ್ನುತ್ತಾನೆ. ಹೊರಡುವ ಹಿಂದಿನ ವಾರ ಬ್ಯಾಗಿನ ವಿಷಯಕ್ಕೋ ಬೈಕಿನ ವಿಷಯಕ್ಕೋ ದೊಡ್ಡ ಜಗಳವೇ ಆಗಿಬಿಡುತ್ತದೆ.

ದೂರ ಹೋಗುವವರೂ ಕಳಿಸುವವರೂ ಹೊರಡುವ ಮುಂಚೆ ಹೀಗೆ ಜಗಳವಾಡುವುದು ಬಹಳ ಮನೆಗಳಲ್ಲಿ ಉಂಟು. ಸಿಟ್ಟು ಮಾಡಿಕೊಂಡು ಹೋಗುವುದು ಅಳುತ್ತಾ ಹೋಗುವುದಕ್ಕಿಂತ ಸುಲಭ, ಅಷ್ಟೆ. ಇದು ತಿಳಿದಿದ್ದರೆ ಅವನ ಒರಟು ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ತಪ್ಪುತ್ತದೆ. ಅವನಿಗೂ ಒಳಗೆ ಹೆದರಿಕೆ ಇದೆ. ಎಲ್ಲರೂ 'ಸೈನಿಕ' ಎಂದು ಕರೆಯಲು ಶುರು ಮಾಡಿರುವುದರಿಂದ ಅದನ್ನು ಬಾಯಿಬಿಟ್ಟು ಹೇಳುವ ಜಾಗ ಅವನಿಗಿಲ್ಲ.

ಅಪ್ಪಂದಿರದು ಬೇರೆ ರೀತಿ. ಭದ್ರಾ ನಾಲೆಯ ನೀರಿನಲ್ಲಿ ಗದ್ದೆ ಮಾಡುವ, ಎರಡೆಕರೆ ಅಡಿಕೆ ಇರುವ ಮನೆಯ ಯಜಮಾನ ಅಳುವುದಿಲ್ಲ, ಲೆಕ್ಕ ಹಾಕುತ್ತಾನೆ. ಈ ಸಲ ಕೊಯ್ಲಿಗೆ ಯಾರು? ತೋಟ ಚೇಣಿಗೆ ಕೊಟ್ಟುಬಿಡಲಾ? ಮೋಟಾರ್ ಸುಟ್ಟರೆ ರಾತ್ರಿ ಹೋಗುವವರು ಯಾರು? ಹೊರಗಿನವರಿಗೆ ಇದು ಬರೀ ಆಳಿನ ಲೆಕ್ಕದಂತೆ ಕೇಳಿಸುತ್ತದೆ. ಮಗನಿಗೂ ಹಾಗೇ ಕೇಳಿಸಿ, 'ಅಪ್ಪಾಜಿಗೆ ನನಗಿಂತ ತೋಟದ ಚಿಂತೆ' ಎಂದು ಬೇಜಾರಾಗುತ್ತಾನೆ. ನಿಜವಾಗಿ ಅಪ್ಪ 'ನೀನಿಲ್ಲದೆ ಹೇಗೋ' ಎಂದು ಕೇಳುತ್ತಿರುವುದೇ ಹಾಗೆ. ಒಂದು ಸಂಜೆ ಅಪ್ಪ ಮಗ ಇಬ್ಬರೇ ತೋಟ ಸುತ್ತಿ ಬರುವುದು ಒಳ್ಳೆಯದು. ಯಾವ ಕೆಲಸ ಯಾರಿಗೆ ವಹಿಸುವುದು, ಚೇಣಿ ಕೊಡುವುದೋ ಬೇಡವೋ ಅಲ್ಲೇ ಮಾತಾಡಿ ಮುಗಿಸಿ. ತನ್ನ ಹಿಂದೆ ಮನೆ ಹೇಗೆ ನಡೆಯುತ್ತದೆ ಎಂದು ಗೊತ್ತಿರುವ ಹುಡುಗ ಬ್ಯಾರಕ್ಕಿನಲ್ಲಿ ನಿರಾಳವಾಗಿ ಮಲಗುತ್ತಾನೆ. ಲೆಕ್ಕವೇ ನಿಮ್ಮ ಪ್ರೀತಿಯ ಭಾಷೆಯಾದರೆ ಲೆಕ್ಕದಲ್ಲೇ ಹೇಳಿ, ಅಡ್ಡಿಯಿಲ್ಲ. ಅವನನ್ನೂ ಕೂರಿಸಿಕೊಂಡು ಹೇಳಿ.

ತಂಗಿ, ತಮ್ಮ, ಅಜ್ಜಿ ಇದ್ದಾರಲ್ಲ, ಅವರನ್ನು ಮರೆಯಬಾರದು. ಅಜ್ಜಿಗೆ ಮಿಲಿಟ್ರಿ ಅಂದರೆ ಗಡಿ, ಗುಂಡು ಎರಡೇ. ಟ್ರೈನಿಂಗ್ ಸೆಂಟರ್ ಊರೊಳಗೆ ಇರುತ್ತದೆ, ಅಲ್ಲಿ ಅಡುಗೆಮನೆ, ಆಸ್ಪತ್ರೆ ಎಲ್ಲ ಇರುತ್ತದೆ ಎಂದು ಯಾರಾದರೂ ಕೂತು ಬಿಡಿಸಿ ಹೇಳಬೇಕು.

ಫ್ಲೆಕ್ಸ್ ಕಟ್ಟುವ ಮುಂಚೆ ಒಂದು ಮಾತು

ಈಗ ಹುಡುಗ ಹೊರಡುವ ಮುಂಚೆಯೇ ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಏಳುತ್ತದೆ. ದೇವಸ್ಥಾನದಲ್ಲಿ ಸನ್ಮಾನ, ಶಾಲು, ಹಾರ, ಟ್ರ್ಯಾಕ್ಟರ್ ಮೇಲೆ ಮೆರವಣಿಗೆ. ಊರಿನ ಪ್ರೀತಿ ದೊಡ್ಡದು, ಬೇಡ ಅನ್ನುವುದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ ಈ ಸಂಭ್ರಮವನ್ನು ಅವನು ತರಬೇತಿ ಮುಗಿಸಿ ಮೊದಲ ರಜೆಗೆ ಬರುವವರೆಗೆ ತಡೆದಿಡಿ. ಕಾರಣವಿದೆ.

ಆಯ್ಕೆಯಾದ ಎಲ್ಲರೂ ತರಬೇತಿ ಮುಗಿಸುತ್ತಾರೆ ಎಂದಿಲ್ಲ. ಸೆಂಟರಿನಲ್ಲಿ ಮತ್ತೆ ವೈದ್ಯಕೀಯ ತಪಾಸಣೆ ನಡೆದು ಏನಾದರೂ ತೊಂದರೆ ಕಂಡರೆ ವಾಪಸ್ ಕಳಿಸಬಹುದು. ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಟ್ಟು ವಾರಗಟ್ಟಲೆ ಆಸ್ಪತ್ರೆ ಸೇರಿದರೆ ಅವನ ನಂತರ ಸೇರಿದ ಬ್ಯಾಚಿಗೆ ಇಳಿಸುತ್ತಾರೆ. ಅದಕ್ಕೆ ಅಲ್ಲಿ ರೆಲಿಗೇಷನ್ ಅನ್ನುತ್ತಾರೆ. ಫೈರಿಂಗಿನಲ್ಲೋ ಓಟದಲ್ಲೋ ಮತ್ತೆ ಮತ್ತೆ ಫೇಲಾದರೂ ಅದೇ ಗತಿ. ಕೊನೆಗೂ ಆಗದೆ ವಾಪಸ್ ಬಂದ ಹುಡುಗನಿಗೆ ಮೈನೋವಿಗಿಂತ ಊರಿನ ಮುಖ ನೋಡುವುದೇ ದೊಡ್ಡ ಸಂಕಟ. ಹತ್ತಡಿ ಫ್ಲೆಕ್ಸಿನಲ್ಲಿ ಸಲ್ಯೂಟ್ ಹೊಡೆದು ನಿಂತವನು ಎರಡೇ ತಿಂಗಳಿಗೆ ಬ್ಯಾಗ್ ಹಿಡಿದು ಅದೇ ಬಸ್ ಸ್ಟ್ಯಾಂಡಿನಲ್ಲಿ ಇಳಿಯಬೇಕು. ಎಷ್ಟೋ ಜನ ಊರಿಗೆ ಬಾರದೆ ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿಬಿಡುವುದು ಇದಕ್ಕೇ.

ಆದ್ದರಿಂದ ಹೊರಡುವ ಮುಂಚೆ, ಮನೆ ಮಂದಿಯೆಲ್ಲ ಇರುವಾಗ, ಅಪ್ಪ ಒಂದೇ ಒಂದು ಸಲ ಸ್ಪಷ್ಟವಾಗಿ ಹೇಳಲಿ: 'ಅಲ್ಲಿ ಆಗಲಿಲ್ಲ ಅಂದ್ರೆ ನಮಗೇನೂ ಅವಮಾನ ಇಲ್ಲಪ್ಪ. ಮನೆ ಐತಿ, ತೋಟ ಐತಿ, ಓದಾಕೂ ಬೌದು.' ಒಂದು ಸಲ ಸಾಕು. ಇದನ್ನೇ ಪ್ರತಿ ಫೋನಿನಲ್ಲೂ ಹೇಳತೊಡಗಿದರೆ ಅದು ಧೈರ್ಯ ತುಂಬುವುದಿಲ್ಲ, ಇದ್ದ ಧೈರ್ಯವನ್ನೂ ಕರಗಿಸುತ್ತದೆ. ಮೊದಲ ತಿಂಗಳು ಹೆಚ್ಚು ಕಡಿಮೆ ಎಲ್ಲ ಹುಡುಗರೂ ಒಮ್ಮೆಯಾದರೂ 'ಅವ್ವಾ, ನನ್ ಕೈಲಿ ಆಗಲ್ಲ' ಅನ್ನುತ್ತಾರೆ. ಆಗ ಕರುಳು ತಡೆಯದೆ 'ಬಂದ್ಬಿಡು ಮಗಾ' ಅನ್ನಬೇಡಿ. ಅಗ್ನಿವೀರರನ್ನು ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಯುವ ಮುಂಚೆ ತಾನಾಗಿ ಬಿಟ್ಟು ಬರಲು ಅವಕಾಶವಿಲ್ಲ. ತೀರಾ ಅಪರೂಪದ ಪ್ರಸಂಗದಲ್ಲಿ ಮೇಲಧಿಕಾರಿಗಳು ಒಪ್ಪಿದರೆ ಮಾತ್ರ. ಹೇಳದೆ ಕೇಳದೆ ಹೊರಟು ಬಂದರೆ ಅದು 1950ರ ಸೇನಾ ಕಾಯ್ದೆಯ ಪ್ರಕಾರ ಅಪರಾಧ. ಅವ್ವನ ಒಂದು ಮಾತು ನಂಬಿ ರಾತ್ರೋರಾತ್ರಿ ರೈಲು ಹತ್ತಿದ ಹುಡುಗನ ಮುಂದಿನ ಬದುಕು ಕೋರ್ಟು ಕಾಗದಕ್ಕೆ ಸಿಕ್ಕಿಕೊಳ್ಳಬಾರದು. 'ಈ ವಾರ ಕಳಿ, ಮುಂದಿನ ಭಾನುವಾರ ಮಾತಾಡಣ' ಎನ್ನಿ. ಕಾಲು ಊದಿದ್ದರೆ, ಜ್ವರವಿದ್ದರೆ ಮುಚ್ಚಿಡದೆ ತರಬೇತಿ ಕೊಡುವ ಉಸ್ತಾದರಿಗೆ ಹೇಳು ಎನ್ನಿ. ನೋವು ನುಂಗುವುದೇ ಗಂಡಸುತನ ಎಂದು ನಂಬಿದ ಹುಡುಗರೇ ಹೆಚ್ಚಾಗಿ ಮೂಳೆ ಮುರಿದುಕೊಳ್ಳುವುದು.

ಕಾಗದಪತ್ರ ಮತ್ತು ಕೈಕೆಲಸ

ಅವ್ವನಿಗೆ ಅಳು ಬಂದಾಗ ಮಾಡಲು ಒಂದು ಕೆಲಸ ಬೇಕು, ಕಾಗದಪತ್ರದ ಕೆಲಸ ಬೇಕಾದಷ್ಟಿದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿ, ಜಾತಿ ಮತ್ತು ವಾಸಸ್ಥಳ ದೃಢೀಕರಣ, ಶಾಲೆಯಿಂದಲೋ ಪಂಚಾಯಿತಿಯಿಂದಲೋ ನಡತೆ ಪ್ರಮಾಣಪತ್ರ, ಅವಿವಾಹಿತ ಎಂಬ ಪ್ರಮಾಣಪತ್ರ, ಪೊಲೀಸ್ ಠಾಣೆಯ ಪರಿಶೀಲನಾ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳು. ನಾಡಕಚೇರಿ, ಪಂಚಾಯಿತಿ, ಠಾಣೆ ಮೂರಕ್ಕೂ ಓಡಾಟ ಆಗುತ್ತದೆ. ಯಾವ ಪತ್ರ ಎಷ್ಟು ತಿಂಗಳೊಳಗಿನದಿರಬೇಕು ಎಂದು ಕರೆಪತ್ರದಲ್ಲೇ ಬರೆದಿರುತ್ತಾರೆ, ಹಳೆಯದನ್ನು ಕೊಟ್ಟು ಕಳಿಸಬೇಡಿ. ಮೂಲ ಪ್ರತಿ ಕೊಡುವ ಮುಂಚೆ ಎಲ್ಲದರ ಜೆರಾಕ್ಸ್ ತೆಗೆಸಿ ಒಂದು ಫೈಲ್ ಮನೆಯಲ್ಲಿ ಉಳಿಸಿಕೊಳ್ಳಿ.

ನಮ್ಮ ಕಡೆ ಹೆಚ್ಚು ತೊಡಕಾಗುವುದು ಹೆಸರಿನ ಅಕ್ಷರ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ರೇಷನ್ ಕಾರ್ಡಿನಲ್ಲಿ ಮೂರನೆಯದು. ಅವ್ವನ ಹೆಸರಿಗೆ ಒಂದು ಕಡೆ 'ಮ್ಮ' ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಸೇನೆಯ ದಾಖಲೆಯಲ್ಲಿ ಹತ್ತಿರದ ಸಂಬಂಧಿ ಎಂದು ನಿಮ್ಮ ಹೆಸರು ಸೇರುತ್ತದೆ. ವಿಮೆ, ನಾಮಿನಿ ಎಲ್ಲ ಅದೇ ಅಕ್ಷರದಲ್ಲಿ. ಹುಡುಗ ಹೋದ ಮೇಲೆ ಇದನ್ನು ತಿದ್ದಿಸುವುದು ದೊಡ್ಡ ತಾಪತ್ರಯ. ಅವನು ಮನೆಯಲ್ಲಿರುವಾಗಲೇ ಅಪ್ಪ ಅವ್ವನ ಆಧಾರ್ ಅನ್ನು ಅವನ ಅಂಕಪಟ್ಟಿಗೆ ಹೊಂದಿಸಿಕೊಳ್ಳಿ.

ಬ್ಯಾಗಿಗೆ ಏನು ಹಾಕಬೇಕೆಂಬ ಪಟ್ಟಿ ಸೆಂಟರಿನಿಂದಲೇ ಬರುತ್ತದೆ, ಯೂಟ್ಯೂಬ್ ನೋಡಿ ದುಡ್ಡು ಸುರಿಯಬೇಡಿ. ಅದಕ್ಕಿಂತ ಉಪಯೋಗದ್ದು ಕೈಕೆಲಸ. ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಗುಂಡಿ ಹೊಲಿಯುವುದು, ಬೂಟಿಗೆ ಪಾಲಿಷ್ ಹಚ್ಚುವುದು. ಒಂದೇ ಮಗ ಎಂದು ಚಡ್ಡಿಯನ್ನೂ ಒಗೆಯಲು ಬಿಡದೆ ಬೆಳೆಸಿದ ಅವ್ವಂದಿರು ಕೊನೆಯ ಹದಿನೈದು ದಿನವಾದರೂ ಕೈ ಬಿಡಬೇಕು. ಸೂಜಿಗೆ ದಾರ ಪೋಣಿಸಲು ಬಾರದ ಹುಡುಗ ಅಲ್ಲಿ ಮೊದಲ ವಾರವೇ ಪೇಚಾಡುತ್ತಾನೆ. ಇನ್ನು ಕೋಡುಬಳೆ, ಶೇಂಗಾ ಉಂಡೆ, ಚಟ್ನಿಪುಡಿ: ಕೊಡಿ, ಬೇಡ ಅಂದರೂ ನೀವು ಕೇಳುವುದಿಲ್ಲ. ಸೆಂಟರ್ ಒಳಗೆ ಬಿಟ್ಟರೆ ಬ್ಯಾರಕ್ ಪೂರ್ತಿ ಹಂಚಿ ಒಂದೇ ರಾತ್ರಿಗೆ ಮುಗಿಯುತ್ತದೆ. ಹಾಗೆ ಮುಗಿಯುವುದೇ ಒಳ್ಳೆಯದು, ಅವನಿಗೆ ಮೊದಲ ಗೆಳೆಯರು ಸಿಗುವುದು ಆ ಡಬ್ಬಿಯಿಂದಲೇ.

ಸಂಬಳ ಎಣಿಸುವ ಮುಂಚೆ

ದುಡ್ಡಿನ ವಿಷಯದಲ್ಲಿ ಮನೆಯವರ ಆಸೆಗೂ ವಾಸ್ತವಕ್ಕೂ ಅಂತರ ಬೀಳುವುದು ಜಾಸ್ತಿ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಎಂದಿದ್ದರೂ ಕೈಗೆ ಬರುವುದು 21,000. ಉಳಿದ 9,000 ಸೇವಾ ನಿಧಿಗೆ ಹೋಗುತ್ತದೆ. ಎರಡನೆಯ ವರ್ಷ ಕೈಗೆ 23,100, ಮೂರನೆಯ ವರ್ಷ 25,550, ನಾಲ್ಕನೆಯ ವರ್ಷ 28,000. ಹೀಗೆ ಹುಡುಗನ ಸಂಬಳದಿಂದ ನಾಲ್ಕು ವರ್ಷಕ್ಕೆ ಸುಮಾರು 5.02 ಲಕ್ಷ ಕಡಿತವಾಗುತ್ತದೆ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಒಟ್ಟು 10.04 ಲಕ್ಷ, ಅದರ ಮೇಲೆ ಬಡ್ಡಿ. ಇದಕ್ಕೆ ಆದಾಯ ತೆರಿಗೆ ಇಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ. 48 ಲಕ್ಷದ ಜೀವ ವಿಮೆ ಇದೆ, ಅದರ ಕಂತನ್ನು ಹುಡುಗ ಕಟ್ಟಬೇಕಿಲ್ಲ. ವಿಮೆಯ ಅಂಕಿಯನ್ನು ಓದುವಾಗ ಯಾವ ತಾಯಿಗೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಒಂದು ಸಲ ಓದಿ, ನಾಮಿನಿಯ ಹೆಸರು ಸರಿಯಿದೆಯೇ ನೋಡಿ, ಎತ್ತಿಟ್ಟುಬಿಡಿ.

ನಾಲ್ಕು ವರ್ಷದ ಕೊನೆಗೆ ಕಾಯಂ ಸೇವೆಗೆ ಉಳಿಯುವವರು ಪ್ರತಿ ತಂಡದ ಶೇ. 25ರಷ್ಟು ಮಾತ್ರ ಎಂಬುದು ಯೋಜನೆಯ ನಿಯಮ. ಯೋಜನೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ, ಹರಟೆ ಕಟ್ಟೆಯಲ್ಲಿ ಅದು ನಡೆದೇ ಇದೆ. ಮನೆಯವರು ತಿಳಿದಿರಬೇಕಾದ್ದು ಇಷ್ಟು: ನಾಲ್ವರಲ್ಲಿ ಮೂವರು 22, 23ರ ವಯಸ್ಸಿಗೆ ವಾಪಸ್ ಬರುತ್ತಾರೆ. ತರಬೇತಿಯ ತಿಂಗಳುಗಳೂ ಆ ನಾಲ್ಕು ವರ್ಷದ ಒಳಗೇ ಸೇರಿವೆ. ಮೊದಲ ತಂಡಗಳ ತರಬೇತಿ ಶುರುವಾದದ್ದು 2022ರ ಕೊನೆ, 2023ರ ಜನವರಿಯಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026–27ರ ಹೊತ್ತಿಗೆ. ಹಾಗಿರುವಾಗ ಮಗನ ಸಂಬಳ ತೋರಿಸಿ ಹದಿನೈದು ವರ್ಷದ ಮನೆ ಸಾಲಕ್ಕೆ ಕೈ ಹಾಕುವುದು, ಬೋರ್ ಕೊರೆಸುವುದು, ತಂಗಿಯ ಮದುವೆಗೆ ಸಾಲ ಎತ್ತುವುದು ಅವನ ಹೆಗಲಿಗೆ ಇನ್ನೊಂದು ಮೂಟೆ ಹೊರಿಸಿದಂತೆ. ಭರ್ತಿಗೆ ತಯಾರಿ ಕೊಡುವ ಅಕಾಡೆಮಿಯ ಫೀಸಿಗೆ ಸಾಲ ಮಾಡಿದ್ದರೆ ಅದನ್ನು ಮಾತ್ರ ಅವನಿಗೆ ತಿಳಿಸಿ, ತೀರಿಸುವ ಬಗೆ ಮಾತಾಡಿಕೊಳ್ಳಿ. ನಾಲ್ಕು ವರ್ಷ ಮುಗಿಸಿ ಬಂದವರಿಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ 2022ರಲ್ಲಿ ಶೇ. 10 ಮೀಸಲಾತಿ ಘೋಷಣೆಯಾಗಿತ್ತು, ಹತ್ತನೇ ತರಗತಿ ಓದಿ ಹೋದವರಿಗೆ ಹನ್ನೆರಡನೇ ತರಗತಿಗೆ ಸಮಾನವಾದ ಪ್ರಮಾಣಪತ್ರದ ಏರ್ಪಾಡೂ ಇದೆ. ಹುಡುಗ ಪಿಯುಸಿಯನ್ನೋ ಡಿಗ್ರಿಯನ್ನೋ ಅರ್ಧಕ್ಕೆ ನಿಲ್ಲಿಸಿ ಹೊರಟಿದ್ದರೆ ಕಾಲೇಜಿನಲ್ಲಿ ಟಿ.ಸಿ. ತೆಗೆಯುವ ಮುಂಚೆ ಮುಂದೆ ಹೊರಗಿನಿಂದ ಕಟ್ಟಿ ಮುಗಿಸಲು ದಾರಿ ಇದೆಯೇ ಎಂದು ಪ್ರಾಂಶುಪಾಲರನ್ನು ಕೇಳಿಕೊಂಡು ಬನ್ನಿ.

ಆ ಏಳು ತಿಂಗಳು

ಭೂಸೇನೆಗೆ ಸೇರಿದ ಅಗ್ನಿವೀರರ ತರಬೇತಿ ಸುಮಾರು 31 ವಾರ. ನೌಕಾಪಡೆಯವರು ಒಡಿಶಾದ ಐಎನ್‌ಎಸ್ ಚಿಲ್ಕಾಗೆ ಹೋಗುತ್ತಾರೆ, ವಾಯುಪಡೆಯವರಿಗೆ ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಏರ್‌ಮೆನ್ ತರಬೇತಿ ಶಾಲೆ ಇದೆ. ಭೂಸೇನೆಯಲ್ಲಿ ಯಾವ ರೆಜಿಮೆಂಟ್ ಸಿಗುತ್ತದೋ ಅದರ ಮೇಲೆ ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್ ಅಂದರೆ ಎಂಇಜಿ ಬೆಂಗಳೂರಿನ ಹಲಸೂರು ಕೆರೆ ಪಕ್ಕ, ತೋಪಖಾನೆಗೆ ಹೈದರಾಬಾದ್ ಅಥವಾ ನಾಸಿಕ್. ಬೆಳಗಾವಿಯಾದರೆ ದಾವಣಗೆರೆಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಆಯಿತು. ವೆಲ್ಲಿಂಗ್ಟನ್ ಆದರೆ ಸ್ವೆಟರ್ ಕೊಡಿ.

ಹುಡುಗನ ಮಾತಿನಲ್ಲಿ ಕೆಲವು ಹೊಸ ಪದಗಳು ಕೇಳಿಬರುತ್ತವೆ, ತಿಳಿದಿದ್ದರೆ ಗಾಬರಿ ಆಗುವುದಿಲ್ಲ. ಕಲಿಸುವ ಹವಾಲ್ದಾರನನ್ನು ಹುಡುಗರು ಉಸ್ತಾದ್ ಎನ್ನುತ್ತಾರೆ. ಊಟದ ಮನೆ ಲಂಗರ್. 'ಇವತ್ತು ರಗಡಾ ಆಯ್ತು' ಅಂದರೆ ಯಾರೋ ಮಾಡಿದ ತಪ್ಪಿಗೆ ಎಲ್ಲರಿಗೂ ದಂಡ, ಕಪ್ಪೆ ಹಾಗೆ ಕುಪ್ಪಳಿಸುವುದೋ ಮೊಣಕೈ ಮೇಲೆ ತೆವಳುವುದೋ. ಕೇಳಿದ ಅವ್ವನಿಗೆ ಮೈ ಉರಿಯುತ್ತದೆ, ಹೇಳುವ ಹುಡುಗ ನಗುತ್ತಿರುತ್ತಾನೆ. ಅವನು ನಗುತ್ತಿದ್ದರೆ ನೀವೂ ನಕ್ಕುಬಿಡಿ. ಹೇಳುವಾಗ ದನಿ ಸಣ್ಣಗಾದರೆ, ಒಬ್ಬನನ್ನೇ ಗುರಿ ಮಾಡಿ ಹೊಡೆಯುತ್ತಾರೆ ಎಂದೋ ದುಡ್ಡು ಕೇಳುತ್ತಾರೆ ಎಂದೋ ಅಂದರೆ ಅದು ಬೇರೆ ಮಾತು. ಅದನ್ನು ಕಂಪನಿ ಕಮಾಂಡರ್‌ಗೆ ತಿಳಿಸಲು ಹೇಳಬೇಕು. ಊರಿನಲ್ಲಿ ನಿವೃತ್ತ ಸೈನಿಕರಿದ್ದರೆ ಅವರ ಹತ್ತಿರ ಹೋಗಿ ಕೇಳಿ. ಯಾವುದು ಸೇನೆಯ ಶಿಸ್ತು, ಯಾವುದು ಅತಿ ಎಂದು ಬೇರ್ಪಡಿಸಲು ಅವರಿಗೆ ಬರುತ್ತದೆ.

ಭಾಷೆಯೂ ಒಂದು ಹೊರೆ. ಕವಾಯತು ಪೂರ್ತಿ ಹಿಂದಿಯಲ್ಲಿ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್ ಎಂದು ಕೂಗಿದಾಗ ಪಕ್ಕದವನನ್ನು ನೋಡಿ ತಿರುಗುವಷ್ಟರಲ್ಲಿ ತಪ್ಪಾಗಿರುತ್ತದೆ. ಕನ್ನಡ ಮಾಧ್ಯಮದ ಹುಡುಗರು ಮೊದಲ ವಾರಗಳಲ್ಲಿ ದಡ್ಡರಂತೆ ಕಾಣುವುದು ಇದರಿಂದ, ಬುದ್ಧಿ ಇಲ್ಲದೆ ಅಲ್ಲ. ಹೊರಡುವ ಮುಂಚಿನ ವಾರಗಳಲ್ಲಿ ಅವನು ಹಿಂದಿ ಸುದ್ದಿಯನ್ನೋ ಸಿನಿಮಾವನ್ನೋ ನೋಡುತ್ತಿದ್ದರೆ 'ಓದೋದು ಬಿಟ್ಟು ಟಿವಿ' ಎಂದು ಬೈಯಬೇಡಿ. ಊಟದ್ದೂ ಹಾಗೇ. ಮುದ್ದೆ ಸಾರು, ಅನ್ನ, ಜೋಳದ ರೊಟ್ಟಿ ಉಂಡ ಹೊಟ್ಟೆಗೆ ದಿನವೂ ಚಪಾತಿ, ದಾಲ್ ಮೊದಲು ಹಿಡಿಸುವುದಿಲ್ಲ. ಓಡಿ ಓಡಿ ಹಸಿದ ಮೇಲೆ ಯಾವುದು ಎಷ್ಟು ಹೋಯಿತೆಂದು ಅವನಿಗೇ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಫೋನಿನದು. ಈ ವಯಸ್ಸಿನ ಹುಡುಗರು ತೋಟದಲ್ಲಿದ್ದರೂ ವಾಟ್ಸಾಪಿನಲ್ಲಿ 'ಆನ್‌ಲೈನ್' ಎಂದು ಕಾಣುತ್ತಿದ್ದವರು. ಸೆಂಟರ್ ಸೇರಿದ ಮೇಲೆ ಫೋನ್ ಒಳಗಿಡುತ್ತಾರೆ, ವಾರಕ್ಕೊಮ್ಮೆ ಕೆಲವು ನಿಮಿಷ ಸಿಗಬಹುದು, ಮೊದಲ ವಾರಗಳಲ್ಲಿ ಅದೂ ಸಿಗದಿರಬಹುದು. ಸೆಂಟರಿನಿಂದ ಸೆಂಟರಿಗೆ ನಿಯಮ ಬೇರೆ. 'ಲಾಸ್ಟ್ ಸೀನ್' ನೋಡುತ್ತಾ ರಾತ್ರಿ ಕಳೆಯುವ ಅವ್ವಂದಿರಿಗೆ ಒಂದು ಮಾತು: ಸುದ್ದಿ ಇಲ್ಲ ಅಂದರೆ ದಿನಚರಿ ಸರಿಯಾಗಿ ನಡೆದಿದೆ ಎಂದೇ ಅರ್ಥ. ಏನಾದರೂ ಆದರೆ ಸೇನೆ ಮನೆಗೆ ತಿಳಿಸುತ್ತದೆ. ಅದಕ್ಕೇ ನಿಮ್ಮ ನಂಬರು, ವಿಳಾಸ ಸರಿಯಾಗಿ ಬರೆಸಿರಬೇಕು, ಸಿಮ್ ಬದಲಿಸಬಾರದು. ಹೊರಡುವ ಮುಂಚೆಯೇ ಅವನಿಗೆ ಮೂರು ನಂಬರು ಬಾಯಿಪಾಠ ಮಾಡಿಸಿ. ಫೋನ್‌ಬುಕ್ ನಂಬಿಕೊಂಡ ಈಗಿನ ಹುಡುಗರಿಗೆ ಅಪ್ಪನ ನಂಬರೂ ನೆನಪಿರುವುದಿಲ್ಲ.

ಕಾಗದ ಬರೆಯಿರಿ. ಹಳೆಯ ಕಾಲದ ಸಲಹೆ ಅನ್ನಿಸಬಹುದು, ಆದರೆ ಫೋನ್ ಇಲ್ಲದ ಬ್ಯಾರಕ್ಕಿನಲ್ಲಿ ಅಂಚೆಗೆ ಇರುವ ಬೆಲೆ ಅಲ್ಲಿದ್ದವರಿಗೇ ಗೊತ್ತು. ಹುಡುಗನ ಹೆಸರು, ಅವನಿಗೆ ಕೊಟ್ಟ ನಂಬರು, ಕಂಪನಿ, ಸೆಂಟರಿನ ವಿಳಾಸ ಮೊದಲ ಫೋನಿನಲ್ಲೇ ಬರೆದುಕೊಳ್ಳಿ. ಬರೆಯುವುದೇನು? ಕೆಂಪು ಎಮ್ಮೆ ಕರು ಹಾಕಿತು, ನಾಲೆಗೆ ನೀರು ಬಿಟ್ಟರು, ಅಡಿಕೆ ಬೆಳೆಗಾರರ ಸಂಘ ತುಮ್ಕೋಸ್‌ನಲ್ಲಿ ರಾಶಿ ಅಡಿಕೆ ರೇಟು ಇಷ್ಟಾಯಿತು, ತಂಗಿ ಟೆಸ್ಟಿನಲ್ಲಿ ಗಣಿತ ಪಾಸು. ಇಷ್ಟೇ ಸಾಕು. 'ನಿನ್ನ ನೆನೆದು ಊಟ ಸೇರುವುದಿಲ್ಲ' ಎಂದು ಬರೆಯಬೇಡಿ. ನಿಜವಾಗಿ ಸೇರದಿದ್ದರೂ ಅದನ್ನು ಅವನು ಅಲ್ಲಿ ಕೂತು ಏನು ಮಾಡಿಯಾನು? ಫೋನಿನಲ್ಲಿ ಸಿಗುವ ಐದು ನಿಮಿಷದಲ್ಲೂ ಅವ್ವ ಅಳುತ್ತಾ ಇದ್ದರೆ ಅವನು ತನ್ನ ಕಷ್ಟ ಹೇಳಿಕೊಳ್ಳಲು ಹೊತ್ತೇ ಉಳಿಯುವುದಿಲ್ಲ. 'ಊಟ ಆತಾ, ಕಾಲು ನೋವು ಐತಾ, ಯಾರು ಗೆಳೆಯರಾದ್ರು' ಎಂದು ಕೇಳಿ, ಕೇಳಿಸಿಕೊಳ್ಳಿ. ಅಳುವುದಕ್ಕೆ ಉಳಿದ ವಾರವೆಲ್ಲ ಇದೆ.

ಹೇಳದೆ ಬಿಡಬಾರದ ಇನ್ನೊಂದು ವಿಷಯ ಸಾವಿನ ಭಯ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ, ಆರು ದಿನ ಹಿಮದಡಿ ಜೀವ ಹಿಡಿದಿದ್ದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಕುಂದಗೋಳ ತಾಲ್ಲೂಕಿನ ಬೆಟದೂರಿನವರು, 19ನೇ ಮದ್ರಾಸ್ ರೆಜಿಮೆಂಟಿನವರು. ಆ ದಿನಗಳಲ್ಲಿ ರಾಜ್ಯವೆಲ್ಲ ಟಿವಿ ಮುಂದೆ ಕೂತಿತ್ತು. ಇಂದು ಮಗನನ್ನು ಕಳಿಸುವ ಎಷ್ಟೋ ತಾಯಂದಿರ ಕಣ್ಣಲ್ಲಿ ಆ ಚಿತ್ರ ಈಗಲೂ ಇದೆ. ಆ ಭಯವನ್ನು 'ಕೆಟ್ಟದ್ದು ಮಾತಾಡಬೇಡ' ಎಂದು ಗದರಿಸಿ ಮುಚ್ಚಿಸುವುದು ನಮ್ಮ ಮನೆಗಳ ರೂಢಿ. ಮುಚ್ಚಿಸಿದ ಭಯ ರಾತ್ರಿ ಎದ್ದು ಕೂರಿಸುತ್ತದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಮಗನ ಮುಂದೆ ಬೇಡ. ದೊಡ್ಡವರ ಕಥೆ ಹೇಳಿ ಧೈರ್ಯ ಕೊಡುವವರೂ ಬರುತ್ತಾರೆ. 1965ರ ಯುದ್ಧದಲ್ಲಿ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಅವನನ್ನು ಮಾತ್ರ ಬಿಡುವ ಮಾತು ಬಂದರೆ ಜನರಲ್ ಕಾರ್ಯಪ್ಪನವರು ಒಪ್ಪದೆ ಎಲ್ಲ ಸೆರೆಯಾಳುಗಳನ್ನೂ ಸಮಾನವಾಗಿ ನೋಡಿ ಎಂದದ್ದು ಪ್ರಸಿದ್ಧ ಪ್ರಸಂಗ. ಅವರು ದಶಕಗಳ ಕಾಲ ಸೇನೆಯಲ್ಲಿದ್ದ ದಂಡನಾಯಕರು. ಇಲ್ಲಿನ ರೈತ ತಂದೆ ಮೊದಲ ದಿನವೇ ಅವರಂತಾಗಬೇಕಿಲ್ಲ.

ಮಗಳು ಹೊರಟಿದ್ದರೆ ಈ ಎಲ್ಲದರ ಜೊತೆಗೆ ಊರಿನ ಬಾಯಿಯೊಂದು ಸೇರಿಕೊಳ್ಳುತ್ತದೆ. 'ಹುಡುಗಿ, ಮದುವೆ ವಯಸ್ಸು' ಎಂದು ಶುರುಮಾಡುವವರಿಗೆ ಹೇಳಲು ಒಂದು ಮಾಹಿತಿ ಇಟ್ಟುಕೊಳ್ಳಿ: ಸೇನಾ ಪೊಲೀಸ್ ದಳದ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ 8ರಂದು. ಅಗ್ನಿವೀರರು ಆ ನಾಲ್ಕು ವರ್ಷ ಮದುವೆ ಆಗುವಂತಿಲ್ಲ ಎಂಬ ನಿಯಮವನ್ನೂ ಹೇಳಿದರೆ ಗಂಡು ತರುವವರ ಕಾಟ ಸ್ವಲ್ಪ ತಗ್ಗುತ್ತದೆ.

ಇಷ್ಟಾದರೂ ಕೆಲವರಿಗೆ ಸಂಕಟ ಇಳಿಯುವುದಿಲ್ಲ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟು ತೂಕ ಇಳಿಯುತ್ತಿದ್ದರೆ, ಕೆಲಸಕ್ಕೆ ಕೈ ಏಳದಿದ್ದರೆ ಅದಕ್ಕೆ ಹರಕೆಯೊಂದೇ ಸಾಲದು. ಅಪ್ಪನಿಗೆ ಬಿ.ಪಿ. ಇದ್ದರೆ ಈ ತಿಂಗಳುಗಳಲ್ಲಿ ಮಾತ್ರೆ ತಪ್ಪದಂತೆ ನೋಡಿ. 14416 ಎಂಬ ನಂಬರಿಗೆ ಯಾವ ಹೊತ್ತಿಗಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಅದೇ ಸೆಂಟರಿಗೆ ಮಗನನ್ನು ಕಳಿಸಿದ ಇನ್ನೊಬ್ಬ ತಾಯಿಯ ನಂಬರು ಸಿಕ್ಕರೆ ಅದೂ ಔಷಧವೇ. ಅವಳ ಮಗ ಫೋನ್ ಮಾಡಿದ ದಿನ ನಿಮ್ಮ ಮಗನ ಸುದ್ದಿಯೂ ಬರುತ್ತದೆ.

ಕಸಮ್ ಪರೇಡಿಗೆ ಹೋಗುವಾಗ

ತರಬೇತಿ ಮುಗಿದ ಮೇಲೆ ಪ್ರಮಾಣ ಸ್ವೀಕರಿಸುವ ಪರೇಡಿಗೆ ಸಾಮಾನ್ಯವಾಗಿ ಮನೆಯವರನ್ನು ಕರೆಯುತ್ತಾರೆ. ಅನೇಕ ಸೆಂಟರುಗಳಲ್ಲಿ ಅವತ್ತು ಅಪ್ಪ ಅವ್ವನಿಗೆ ಗೌರವ್ ಪದಕ್ ಎಂಬ ಪದಕವನ್ನೂ ತೊಡಿಸುತ್ತಾರೆ. ಹೋಗಲೇಬೇಕು. ಅಡಿಕೆ ಕೊಯ್ಲೇ ಇರಲಿ, ಗದ್ದೆ ನಾಟಿಯೇ ಇರಲಿ. ಬರುವವರ ಹೆಸರನ್ನು ಹುಡುಗ ಮೊದಲೇ ಬರೆಸಿರಬೇಕು, ಗೇಟಿನಲ್ಲಿ ಎಲ್ಲರ ಆಧಾರ್ ನೋಡುತ್ತಾರೆ, ಹೆಸರಿಲ್ಲದ ಚಿಕ್ಕಪ್ಪ ಕಾರು ತಂದಿದ್ದರೂ ಹೊರಗೆ ಉಳಿಯುತ್ತಾರೆ. ಪರೇಡ್ ಬೆಳಿಗ್ಗೆ ಬೇಗ ಇರುತ್ತದೆ. ಹಿಂದಿನ ಸಂಜೆಯೇ ಊರು ಸೇರಿಕೊಳ್ಳಿ. ಒಂದೇ ತಲೆ, ಒಂದೇ ಬಟ್ಟೆಯ ನೂರಾರು ಹುಡುಗರ ನಡುವೆ ನಿಮ್ಮವನು ಯಾರೆಂದು ಗೊತ್ತಾಗದೆ ಹೋದರೆ ಗಾಬರಿ ಬೀಳಬೇಡಿ. ಸಾಲು ಮುರಿದ ಮೇಲೆ ಅವನೇ ಹುಡುಕಿಕೊಂಡು ಬರುತ್ತಾನೆ. ತೂಕ ಇಳಿದಿರುತ್ತದೆ, ಬಣ್ಣ ಕಪ್ಪಾಗಿರುತ್ತದೆ, ಕೈಯಲ್ಲಿ ಗಂಟುಗಳು ಕಟ್ಟಿರುತ್ತವೆ.

ಊರಿನವರ ಫ್ಲೆಕ್ಸು, ಟ್ರ್ಯಾಕ್ಟರ್, ಹಾರ ಎಲ್ಲ ಈಗ ಬರಲಿ. ವರ್ಷಕ್ಕೆ 30 ದಿನ ರಜೆ ಎಂಬುದು ನೆನಪಿರಲಿ, ಅದರಲ್ಲಿ ಪ್ರಯಾಣಕ್ಕೇ ಎಷ್ಟೋ ದಿನ ಹೋಗುತ್ತವೆ. ಮೊದಲ ಎರಡು ದಿನ ಅವನನ್ನು ಮಲಗಲು ಬಿಡಿ. ನೆಂಟರ ಮನೆಗಳ ಪಟ್ಟಿಯನ್ನು ಮೂರನೆಯ ದಿನ ತೆಗೆಯಿರಿ. ತೋಟದ ಲೆಕ್ಕ, ಸಾಲದ ಲೆಕ್ಕ ಅದಕ್ಕೂ ಆಮೇಲೆ.